ಮೊದಲ ಗೇಮ್ ಅಷ್ಟೇನೂ ಮಾರಾಟವಾಗಿಲ್ಲ: ಬೆಲೆ ಇಳಿಸಲೇ, ಎರಡನೇ ಭಾಗ ಮಾಡಲೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ 9.99 ಡಾಲರಿಗೆ ಬಿಟ್ಟ ಒಗಟಿನ ಗೇಮ್ ಮೊದಲ ತಿಂಗಳು ಕಳೆದ ಮೇಲೆ ಮಂಕಾಗಿದೆ, ಬೆಲೆಯನ್ನು ಕಾಯಂ ಆಗಿ ಅರ್ಧಕ್ಕೆ ಇಳಿಸಲೇ ಎಂಬುದು ಒಂದು. ಕೋಡ್ ಹೇಗೂ ಕೈಯಲ್ಲಿದೆ, ಎರಡನೇ ಭಾಗವನ್ನು ಬೇಗ ಮುಗಿಸಿಬಿಡಲೇ ಎಂಬುದು ಇನ್ನೊಂದು. ನಾನೂ ಬೆಂಗಳೂರಿನಲ್ಲಿ ಸಣ್ಣ ತಂಡ ಕಟ್ಟಿಕೊಂಡು ಇದೇ ಕೆಲಸ ಮಾಡುವವನು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೂಲ ಬೆಲೆಯನ್ನು ಮುಟ್ಟಬೇಡಿ. ಎರಡನೇ ಭಾಗ ಬೇಕೋ ಬೇಡವೋ ಎಂಬುದನ್ನು ನಿಮ್ಮ ಆಟವನ್ನು ಕೊನೆಯವರೆಗೆ ಆಡಿದವರು ಎಷ್ಟು ಮಂದಿ ಎಂದು ನೋಡಿ ತೀರ್ಮಾನಿಸಿ.

ಒಂದು ಪ್ರತಿಯ ಲೆಕ್ಕ ನೋಡೋಣ. ಬ್ರಿಟನ್ನಿನ ಗಿರಾಕಿಯೊಬ್ಬರು ಹತ್ತು ಡಾಲರಿನಷ್ಟು ಕೊಟ್ಟರೆ ಅದರೊಳಗೇ ಶೇ. 20ರ ತೆರಿಗೆ ಸೇರಿರುತ್ತದೆ. ಅದನ್ನು ಕಳೆದರೆ 8.33 ಉಳಿಯುತ್ತದೆ. ಅದರಲ್ಲಿ ಸ್ಟೀಮ್ ಶೇ. 30 ತೆಗೆದುಕೊಂಡರೆ ನಿಮ್ಮ ಪಾಲು ಸುಮಾರು 5.83. ಮೂಲ ಬೆಲೆಯನ್ನೇ 4.99 ಮಾಡಿದರೆ ನಿಮಗೆ ಸುಮಾರು 2.91 ಸಿಗುತ್ತದೆ. ವಿಶ್‌ಲಿಸ್ಟ್‌ನಲ್ಲಿ, ಅಂದರೆ ಮುಂದೆ ಕೊಳ್ಳಬೇಕೆಂದಿರುವ ಗೇಮ್‌ಗಳ ಪಟ್ಟಿಯಲ್ಲಿ, ಹಾಕಿಕೊಂಡು ಕಾಯುತ್ತಿರುವವರು ಆಗಲೂ ರಿಯಾಯಿತಿಗೇ ಕಾಯುತ್ತಾರೆ. ಮತ್ತೆ ಶೇ. 50 ಕಡಿತ ಕೊಟ್ಟಿರೋ, ಕೈಗೆ ಬರುವುದು ಒಂದೂವರೆ ಡಾಲರಿಗಿಂತ ಕಡಿಮೆ. ಇಷ್ಟು ಆದ ಮೇಲೆ ಬೆಲೆಯನ್ನು ಮೇಲಕ್ಕೆ ಏರಿಸುವುದು ಬಹಳ ಕಷ್ಟ.

ಬದಲಿಗೆ ರಿಯಾಯಿತಿಯನ್ನು ಲೆಕ್ಕಾಚಾರದಿಂದ ಬಳಸಿ. ಕಡಿತ ಶೇ. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವಿಶ್‌ಲಿಸ್ಟ್‌ನವರಿಗೆ ಸ್ಟೀಮ್ ಮಿಂಚಂಚೆ ಕಳುಹಿಸುತ್ತದೆ. ಹಾಗಾಗಿ ಶೇ. 15ರ ಕಡಿತ ಹೆಚ್ಚುಕಡಿಮೆ ವ್ಯರ್ಥ. ಒಂದು ರಿಯಾಯಿತಿಗೂ ಇನ್ನೊಂದಕ್ಕೂ ನಡುವೆ 30 ದಿನಗಳ ಅಂತರ ಬೇಕು, ಋತುಮಾನದ ದೊಡ್ಡ ಸೇಲ್‌ಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಇದೆ. ಮೊದಲ ವರ್ಷ ಶೇ. 20ರಿಂದ 33ರ ಒಳಗೇ ಇರಿ. ಶೇ. 50 ಅನ್ನು ದೊಡ್ಡ ಅಪ್‌ಡೇಟ್ ಬಿಡುವ ದಿನಕ್ಕೆಂದು ಎತ್ತಿಡಿ.

ಕಾರ್ಖಾನೆ ಕಟ್ಟುವ ಗೇಮ್ ಆದ ಫ್ಯಾಕ್ಟೋರಿಯೋ ಒಮ್ಮೆಯೂ ರಿಯಾಯಿತಿ ಕೊಟ್ಟಿಲ್ಲವಲ್ಲ ಎಂದು ನೀವು ಬರೆದಿದ್ದೀರಿ. ನಿಜ. ಅವರು ಬೆಲೆಯನ್ನು 2018ರಲ್ಲಿ 20ರಿಂದ 30 ಡಾಲರಿಗೂ 2023ರಲ್ಲಿ 35ಕ್ಕೂ ಏರಿಸಿದರು. ನೂರಾರು ಗಂಟೆ ಆಡುವ ಜನ ಬಾಯಿಂದ ಬಾಯಿಗೆ ಹೊಗಳುತ್ತಿದ್ದಾಗ ಅದು ಅವರಿಗೆ ಸಾಧ್ಯವಾಯಿತು. ನಾಲ್ಕು ಗಂಟೆಯಲ್ಲಿ ಮುಗಿಯುವ ನಿಮ್ಮ ಆಟಕ್ಕೆ ಆ ದಾರಿ ಒಗ್ಗದು.

ಇನ್ನು ಎರಡನೇ ಭಾಗ. ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ನಿರ್ಧಾರ ಅಮಂಗ್ ಅಸ್ ಎಂಬ ಗೇಮ್ ಮಾಡಿದ ತಂಡದ್ದು. 2018ರಲ್ಲಿ ಬಂದ ಆ ಗೇಮ್ ಎರಡು ವರ್ಷ ಹೆಚ್ಚು ಸದ್ದು ಮಾಡಲಿಲ್ಲ, 2020ರಲ್ಲಿ ಏಕಾಏಕಿ ಜಗತ್ತಿಗೆಲ್ಲ ಹಬ್ಬಿತು. ಆಗಸ್ಟ್‌ನಲ್ಲಿ ಎರಡನೇ ಭಾಗವನ್ನು ಘೋಷಿಸಿದವರು ಮರುತಿಂಗಳೇ ಅದನ್ನು ಕೈಬಿಟ್ಟು, ಹಾಕಬೇಕೆಂದಿದ್ದ ಹೊಸತನ್ನೆಲ್ಲ ಮೊದಲ ಗೇಮ್‌ಗೇ ಸೇರಿಸುತ್ತೇವೆ ಎಂದರು. ಹಳೆಯ ಕೋಡ್ ಅಷ್ಟು ಭಾರ ಹೊರುವಂತೆ ಬರೆದದ್ದಾಗಿರಲಿಲ್ಲ, ಅದನ್ನು ತಿದ್ದುವುದು ದೊಡ್ಡ ತಲೆನೋವಿನ ಕೆಲಸ. ಆದರೂ ಆಟಗಾರರು ಇದ್ದ ಕಡೆಗೇ ಅವರು ಹೋದರು.

ಇದಕ್ಕೆ ಎದುರಾದ ಉದಾಹರಣೆ ಹಾಲೋ ನೈಟ್ ಎಂಬ ಗೇಮ್. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ ಜನರಿಂದ ಹಣ ಸಂಗ್ರಹಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಕೂಡಿಸುವಾಗ, ಹಾರ್ನೆಟ್ ಎಂಬ ಪಾತ್ರವನ್ನೂ ಆಡಲು ಕೊಡುತ್ತೇವೆ ಎಂದು ಮಾತು ಕೊಟ್ಟಿತ್ತು. ಆ ಹೆಚ್ಚುವರಿ ಭಾಗವೇ ಬೆಳೆದು ಸಿಲ್ಕ್‌ಸಾಂಗ್ ಎಂಬ ಎರಡನೇ ಭಾಗವಾಯಿತು. 2019ರಲ್ಲಿ ಘೋಷಣೆ, 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ, ಬೆಲೆ ಬರೀ 19.99 ಡಾಲರ್. ಬಿಡುಗಡೆಯ ಗಳಿಗೆಯಲ್ಲಿ ಅಂಗಡಿ ತಾಣಗಳೇ ಕುಸಿದವು, ಏಕೆಂದರೆ ಮೊದಲ ಆಟವನ್ನು ಆಡಿ ಮನಸೋತವರು ಲಕ್ಷಗಟ್ಟಲೆ ಇದ್ದರು. ಎರಡನೇ ಭಾಗವನ್ನು ಮೊದಲು ಕೊಳ್ಳುವವರು ಅವರೇ. ಹೊಸಬರು ಹೆಸರಿನ ಮುಂದೆ 2 ಕಂಡರೆ ‘ಮೊದಲನೆಯದನ್ನು ಆಡಿರಬೇಕೇನೋ’ ಎಂದು ಮುಂದೆ ಸಾಗುತ್ತಾರೆ.

ನಿಮ್ಮ ಗೇಮ್ ಕೊಂಡು ಆಡಿದೆ. ಬೆಳಕು ಮತ್ತು ನೀರಿನ ಒಗಟುಗಳು ನಿಜಕ್ಕೂ ಚೆನ್ನಾಗಿವೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಯಾವ ಹಂತವನ್ನು ಎಷ್ಟು ಮಂದಿ ಮುಗಿಸಿದ್ದಾರೆ ಎಂದು ತೋರಿಸುವ, ನೀವು ಹಾಕಿದ ಅಚೀವ್‌ಮೆಂಟ್ ಪಟ್ಟಿಯಲ್ಲಿ ಎರಡನೇ ಅಧ್ಯಾಯ ಮುಗಿಸಿದವರು ಅರ್ಧದಷ್ಟಿದ್ದಾರೆ. ಮೂರನೆಯದನ್ನು ಮುಗಿಸಿದವರು ನೂರಕ್ಕೆ ಹದಿನೈದು ಮಾತ್ರ. ಆ ಅಧ್ಯಾಯದ ಕನ್ನಡಿ ಒಗಟಿನಲ್ಲಿ ಎಡಗಡೆಯ ಕನ್ನಡಿ ತಿರುಗುತ್ತದೆ ಎಂಬ ಸುಳಿವೇ ಇಲ್ಲ, ಗೋಡೆಯ ಬಣ್ಣದಲ್ಲಿ ಅದು ಮುಚ್ಚಿಹೋಗಿದೆ. ಅದು ಎದುರಾಗುವುದು ಒಂದೂವರೆ ಗಂಟೆಯ ಸುಮಾರಿಗೆ. ಎರಡು ಗಂಟೆ ಆಡುವುದರೊಳಗೆ, ಕೊಂಡ 14 ದಿನಗಳಲ್ಲಿ ಕೇಳಿದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಸಿಕ್ಕಿಬಿದ್ದು ಬೇಸತ್ತವರಿಗೆ ಇನ್ನೂ ಅರ್ಧ ಗಂಟೆ ಕಾಲಾವಕಾಶ ಉಳಿದಿರುತ್ತದೆ. ನಿಮ್ಮ ರಿಫಂಡ್ ಕೋರಿಕೆಗಳ ಟಿಪ್ಪಣಿಗಳನ್ನು ತೆರೆದು ಓದಿ, ಈ ಕನ್ನಡಿಯ ಮಾತು ಅಲ್ಲಿ ಬಂದೇ ಇರುತ್ತದೆ.

ಮೊದಲು ಅದನ್ನು ಸರಿಪಡಿಸಿ, ಬೇಕೆಂದವರಿಗೆ ಸುಳಿವಿನ ವ್ಯವಸ್ಥೆ ಸೇರಿಸಿ, ಆ ಅಪ್‌ಡೇಟ್ ಜೊತೆ ಮುಂದಿನ ಋತುಮಾನದ ಸೇಲ್‌ನಲ್ಲಿ ದೊಡ್ಡ ಕಡಿತ ಕೊಡಿ. ಆಮೇಲೂ ಕೊನೆ ಮುಟ್ಟುವವರು ವಿರಳವಾಗಿಯೇ ಇದ್ದರೆ ಅದೇ ಕೋಡ್ ಇಟ್ಟುಕೊಂಡು ಹೊಸ ಹೆಸರಿನ, ಹೊಸ ಕಥೆಯ ಗೇಮ್ ಮಾಡಿ. ಅದು ಹೊರಬಂದ ದಿನ ಎರಡನ್ನೂ ಬಂಡಲ್ ಆಗಿ ಜೋಡಿಸಿದರೆ ಹಳೆಯದೂ ಮಾರಾಟವಾಗುತ್ತದೆ. ಕೊನೆ ಮುಟ್ಟಿದವರು ಹೆಚ್ಚಾಗಿ, ವಿಮರ್ಶೆಗಳಲ್ಲಿ ‘ಇನ್ನಷ್ಟು ಕೊಡಿ’ ಎಂಬ ಮಾತು ಬರತೊಡಗಿದರೆ ಧೈರ್ಯವಾಗಿ ಎರಡನೇ ಭಾಗಕ್ಕೆ ಕೈಹಾಕಿ.

ತೆರಿಗೆಯ ಬಗ್ಗೆ ಕೇಳಿದ್ದಿರಿ. ಸ್ಟೀಮ್‌ನ ತೆರಿಗೆ ಅರ್ಜಿಯಲ್ಲಿ ಭಾರತ–ಅಮೆರಿಕ ಒಪ್ಪಂದದ ಅನುಕೂಲ ಕೋರಿದರೆ, ಅಮೆರಿಕದ ಮಾರಾಟದ ಪಾಲಿನ ಮೇಲೆ ಶೇ. 30ರ ಬದಲು 15 ಹಿಡಿಯುತ್ತಾರೆ. ಪ್ಯಾನ್ ಸಂಖ್ಯೆ ಹಾಕುವುದನ್ನು ಮರೆಯಬೇಡಿ.

ಮುಂದಿನದು ಯಾವುದೇ ಆಗಲಿ, ಅದರ ಪುಟವನ್ನು ಬೇಗ ತೆರೆದು ವಿಶ್‌ಲಿಸ್ಟ್ ಕೂಡಿಸಲು ಶುರುಮಾಡಿ. ಬರಲಿರುವ ಗೇಮ್‌ಗಳ ಡೆಮೊಗಳನ್ನು ತೋರಿಸುವ ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಗೇಮ್‌ಗೆ ಸಿಗುವುದು ಒಂದೇ ಅವಕಾಶ, ಹಾಗಾಗಿ ಡೆಮೊ ಗಟ್ಟಿಯಾಗಿ, ಬಿಡುಗಡೆ ಹತ್ತಿರವಾದಾಗ ಮಾತ್ರ ಅದಕ್ಕೆ ಹೆಸರು ಕೊಡಿ.