ಹೊಲ ಬಿಟ್ಟು ಬಂದವರಿಗೆ ಒಂದು ಪುಟ ಜಾಸ್ತಿಯೇ?

ಶಿವಮೊಗ್ಗದಿಂದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಅಮೆರಿಕದ ಸ್ವಾತಂತ್ರ್ಯ ಯುದ್ಧದ ಲೇಖನದಲ್ಲಿ ಟ್ರಯಾನ್ ಕೌಂಟಿಯ ಮಿಲಿಷಿಯಾಕ್ಕೆ, ಅಂದರೆ ಊರಿನ ಜನರೇ ಸೇರಿದ ಪಡೆಗೆ, ಒಂದು ಪುಟ ಕೊಟ್ಟಿದ್ದೀರಿ. ಗುಂಡಿನ ಸದ್ದಿಗೆ ಓಡುವ, ಸುಗ್ಗಿ ಬಂದರೆ ಮನೆಗೆ ಹೊರಡುವ ರೈತರಿಗೆ ಅಷ್ಟು ಜಾಗ ಯಾಕೆ? ಗೆದ್ದಿದ್ದು ವಾಷಿಂಗ್ಟನ್ ಸೇನೆ ಮತ್ತು ಫ್ರೆಂಚರು.”

ಮೇಷ್ಟ್ರೇ, ಓಡಿದ್ದು ಸುಳ್ಳಲ್ಲ. 1780ರಲ್ಲಿ ಕ್ಯಾಮ್ಡೆನ್ ಕದನದಲ್ಲಿ ಬಹುಪಾಲು ಮಿಲಿಷಿಯಾ ಗುಂಡು ಹಾರಿಸದೆಯೇ ಓಡಿತು. ಇವರನ್ನು ನಂಬುವುದು ಮುರಿದ ಕೋಲು ಊರಿಕೊಂಡ ಹಾಗೆ ಅಂತ ವಾಷಿಂಗ್ಟನ್ನೇ 1776ರಲ್ಲಿ ಬರೆದಿದ್ದ. ಒಪ್ಪಿದೆ. ಆದರೆ ಇತಿಹಾಸ ಕಲಿಸಿದ ನೀವು ಒರಿಸ್ಕನಿಯ ಕದನವನ್ನು ಹೀಗೆ ದಾಟಿಹೋಗಬಾರದಿತ್ತು.

ಟ್ರಯಾನ್ ಕೌಂಟಿ ಅಂದರೆ ನ್ಯೂಯಾರ್ಕಿನ ಮೊಹಾಕ್ ನದಿಯ ಕಣಿವೆ. ಗೋಧಿ ಬೆಳೆಯುವ ಸೀಮೆ. ಜರ್ಮನಿಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳೇ ಅಲ್ಲಿ ಜಾಸ್ತಿ. ಬ್ರಿಟಿಷ್ ಸೇನಾಧಿಕಾರಿ ಸೇಂಟ್ ಲೆಜರ್ ಆ ಕಡೆ ಬರುತ್ತಿದ್ದಾನೆ ಅಂತ ಗೊತ್ತಾದಾಗ, 1777ರ ಜುಲೈನಲ್ಲಿ, ಮಿಲಿಷಿಯಾದ ಜನರಲ್ ನಿಕೋಲಸ್ ಹರ್ಕಿಮರ್ 16ರಿಂದ 60 ವರ್ಷದ ಗಂಡಸರೆಲ್ಲ ಸಿದ್ಧರಿರಿ ಅಂತ ಸಾರಿದ. ಅಮೆರಿಕನ್ನರ ಕೈಲಿದ್ದ ಸ್ಟಾನ್ವಿಕ್ಸ್ ಕೋಟೆಗೆ ಮುತ್ತಿಗೆ ಬಿದ್ದಾಗ ಸುಮಾರು 800 ಜನ ಹೊರಟರು. ಒನೈಡಾ ಬುಡಕಟ್ಟಿನ ಯೋಧರೂ ಜೊತೆಗೂಡಿದರು.

ಕೋಟೆಯಿಂದ ಸಂಕೇತದ ತೋಪಿನ ಸದ್ದು ಬರಲಿ, ಆಮೇಲೆ ಮುಂದೆ ಹೋಗೋಣ ಅಂದ ಹರ್ಕಿಮರ್. ಅವನ ಅಧಿಕಾರಿಗಳೇ ಹೇಡಿ ಅಂತ ಹಂಗಿಸಿದರು. ಸ್ವಂತ ತಮ್ಮ ಶತ್ರುಗಳ ಕಡೆ ಇದ್ದ, ಅನುಮಾನಕ್ಕೆ ಅಷ್ಟು ಸಾಕಾಯಿತು. ಸರಿ, ನಡೆಯಿರಿ ಅಂದ. ಆಗಸ್ಟ್ 6ರಂದು ಒರಿಸ್ಕನಿ ಹತ್ತಿರದ ಹಳ್ಳದ ದಾರಿಯಲ್ಲಿ ಎರಡೂ ಕಡೆಯಿಂದ ಗುಂಡು ಬಿತ್ತು. ಹೊಂಚು ಹಾಕಿದ್ದವರಲ್ಲಿ ಮೊಹಾಕ್, ಸೆನೆಕಾ ಬುಡಕಟ್ಟುಗಳ ಯೋಧರಿದ್ದರು. ಬ್ರಿಟಿಷ್ ರಾಜನ ಕಡೆ ಸೇರಿದ್ದ, ಅದೇ ಕಣಿವೆಯ ಹಳೆಯ ನೆರೆಹೊರೆಯವರೂ ಇದ್ದರು.

ಹಿಂದಿದ್ದ ರೆಜಿಮೆಂಟಿನವರು ಬಹಳಷ್ಟು ಜನ ಓಡಿದರು, ಮುಚ್ಚಿಡುವುದಿಲ್ಲ. ಉಳಿದವರು ನಿಂತರು. ಹರ್ಕಿಮರನ ಕುದುರೆ ಸತ್ತಿತು, ಕಾಲು ನುಚ್ಚಾಯಿತು. ಜೀನನ್ನು ಮರದ ಬುಡಕ್ಕೆ ಹಾಕಿಸಿಕೊಂಡು, ಅದಕ್ಕೆ ಒರಗಿ, ಪೈಪ್ ಸೇದುತ್ತಾ ಹುಕುಂ ಕೊಡುತ್ತಿದ್ದ ಅಂತ ಇಂದಿಗೂ ಹೇಳುತ್ತಾರೆ. ಒಬ್ಬ ಮದ್ದು ತುಂಬುವಾಗ ಎದುರಾಳಿ ಕೊಡಲಿ ಹಿಡಿದು ನುಗ್ಗುತ್ತಿದ್ದ. ಅದಕ್ಕೇ ಒಂದು ಮರಕ್ಕೆ ಇಬ್ಬರು ನಿಂತರು. ಒಬ್ಬ ಗುಂಡು ಹಾರಿಸಿದರೆ ಇನ್ನೊಬ್ಬ ತುಂಬಿಟ್ಟುಕೊಂಡು ಕಾಯುತ್ತಿದ್ದ. ಅರ್ಧಕ್ಕಿಂತ ಜಾಸ್ತಿ ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಕಾಲು ಕತ್ತರಿಸಿದ ಮೇಲೆ ಹರ್ಕಿಮರನೂ ಉಳಿಯಲಿಲ್ಲ.

ಕೋಟೆ ಮಾತ್ರ ಬೀಳಲಿಲ್ಲ. ಸೇಂಟ್ ಲೆಜರ್ ಅದೇ ತಿಂಗಳು ಹಿಂದೆ ಸರಿದ. ಅವನ ದಾರಿ ಕಾಯುತ್ತಿದ್ದ ಬ್ರಿಟಿಷ್ ಜನರಲ್ ಬರ್ಗಾಯ್ನ್ ಅಕ್ಟೋಬರ್ 17ರಂದು ಸರಟೋಗಾದಲ್ಲಿ ಶರಣಾದ. ಆ ಗೆಲುವು ನೋಡಿಯೇ ಅಲ್ವಾ ಮೇಷ್ಟ್ರೇ, ನೀವು ಹೇಳುವ ಫ್ರೆಂಚರು 1778ರಲ್ಲಿ ಕೈಜೋಡಿಸಿದ್ದು?

ಮಿಲಿಷಿಯಾದವರಿಗೆ ಪಿಂಚಣಿಯ ಬಾಗಿಲು ಸರಿಯಾಗಿ ತೆರೆದದ್ದು 1832ರ ಕಾನೂನಿನಿಂದ. ಯುದ್ಧ ಮುಗಿದು ಹತ್ತಿರ ಹತ್ತಿರ 50 ವರ್ಷ. ಕನಿಷ್ಠ 6 ತಿಂಗಳ ಸೇವೆ ತೋರಿಸಬೇಕಿತ್ತು. ಕಾಗದ ಎಲ್ಲಿತ್ತು? ಮುದುಕರು ಕೋರ್ಟಿನಲ್ಲಿ ಪ್ರಮಾಣ ಮಾಡಿ, ಯಾರ ಕೈಕೆಳಗೆ ಇದ್ದೆ, ಎಲ್ಲೆಲ್ಲಿ ನಡೆದೆ ಅಂತ ನೆನಪಿನಿಂದಲೇ ಹೇಳಿದರು. ಗುಮಾಸ್ತರು ಬರೆದುಕೊಂಡರು. ಆ ಹೇಳಿಕೆಗಳನ್ನು ಓದಲು ಕೂತರೆ ನನಗೆ ಏಳಲು ಮನಸ್ಸಾಗುವುದಿಲ್ಲ.

ನಮ್ಮೂರಿನ ಅಜ್ಜ ಒಬ್ಬರು 1942ರಲ್ಲಿ ರಾತ್ರಿ ಹೋಗಿ ತಂತಿ ಕತ್ತರಿಸಿ ಬಂದವರು. ಸಿಕ್ಕಿಬೀಳಲಿಲ್ಲ, ಜೈಲಿಗೆ ಹೋಗಲಿಲ್ಲ. ಹಾಗಾಗಿ ದಾಖಲೆ ಇಲ್ಲ, ಪಿಂಚಣಿಯೂ ಇಲ್ಲ. ಅದು ಹೋಗಲಿ. ಅವರನ್ನು ಕೂರಿಸಿಕೊಂಡು “ಏನಾಯ್ತು ಹೇಳಿ” ಅಂತ ಒಬ್ಬರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ, ಆ ನೋವು ಇನ್ನೂ ಇದೆ. ಮಕ್ಕಳ ಪುಸ್ತಕದಲ್ಲಿ ನಾಯಕರ ಹೆಸರು, ಇಸವಿ, ಅಷ್ಟೇ.

ನಿಮ್ಮ ಕಡೆ ಅಂಥವರ ಮಕ್ಕಳು, ಸೊಸೆಯಂದಿರು ಇದ್ದರೆ ಕೇಳಿ ಬರೆದು ಕಳಿಸಿ, ಮೇಷ್ಟ್ರೇ. ಒಂದಲ್ಲ, ನಾಲ್ಕು ಪುಟ ಕೊಡುತ್ತೇನೆ.

– ಸಂ.