ಉಚ್ಚಾರಣೆಗೆ ಅಣಕ, ಹೇಳಿಕೊಂಡಿದ್ದಕ್ಕೆ ಶಿಫ್ಟ್ ಕಟ್: ಆಯೋಗ ಏನು ನೋಡುತ್ತದೆ?

ಪ್ರಶ್ನೆ: ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಒಟ್ಟು ಆರು ಜನ. ನಾನು ಇಂಗ್ಲಿಷ್ ಮಾತಾಡುವ ರೀತಿಯನ್ನು ಮ್ಯಾನೇಜರ್ ಗಿರಾಕಿಗಳ ಎದುರೇ ಅಣಕಿಸುತ್ತಾರೆ. ‘ನಿನ್ನ ದೇಶಕ್ಕೇ ವಾಪಸ್ ಹೋಗು’ ಅಂತ ಎರಡು ಸಲ ಅಂದಿದ್ದಾರೆ. ಮಾಲೀಕರಿಗೆ ಹೇಳಿಕೊಂಡೆ. ಮುಂದಿನ ವಾರದಿಂದ ನನ್ನ ಶಿಫ್ಟ್ ಅರ್ಧಕ್ಕಿಳಿಯಿತು. ನಗರದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ ಹೇಗೆ ತೀರ್ಮಾನ ಮಾಡುತ್ತಾರೆ? ‘ಬರೀ ಮಾತು ತಾನೇ’ ಅಂತ ತಳ್ಳಿಹಾಕಿದರೆ? ವಕೀಲರನ್ನು ಇಡುವಷ್ಟು ದುಡ್ಡಿಲ್ಲ.

ಉತ್ತರ: ನೀವು ಕೊನೆಗೆ ಹೇಳಿದ ಶಿಫ್ಟ್ ವಿಷಯವನ್ನು ದೂರಿನಲ್ಲಿ ಮೊದಲು ಬರೆಯಿರಿ. ನನ್ನ ಪ್ರಕಾರ ನಿಮ್ಮ ಕೇಸಿನಲ್ಲಿ ಗಟ್ಟಿಯಾಗಿರುವುದು ಅದೇ. ಅಣಕಿಸಿದ್ದನ್ನು ಮ್ಯಾನೇಜರ್ ‘ತಮಾಷೆಗೆ ಅಂದೆ’ ಅಂದುಬಿಡಬಹುದು. ದೂರಿದ ಮರುವಾರವೇ ಶಿಫ್ಟ್ ಯಾಕೆ ಅರ್ಧವಾಯಿತು ಅನ್ನುವುದಕ್ಕೆ ಮಾಲೀಕರು ಕಾರಣ ಕೊಡಲೇಬೇಕಾಗುತ್ತದೆ. ತಾರತಮ್ಯದ ಬಗ್ಗೆ ಬಾಯಿಬಿಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು ಅಲ್ಲಿನ ಕಾನೂನಿನಲ್ಲಿ ಬೇರೆಯೇ ತಪ್ಪು. ಮೂಲ ದೂರು ಸಾಬೀತಾಗದಿದ್ದರೂ, ನೀವು ಅದನ್ನು ನಂಬಿ ಹೇಳಿದ್ದರೆ ಸೇಡಿನ ದೂರು ನಿಲ್ಲಬಹುದು. ಹಳೆಯ ಮತ್ತು ಹೊಸ ಶಿಫ್ಟ್ ಪಟ್ಟಿ, ಸಂಬಳದ ಚೀಟಿ, ಮಾಲೀಕರಿಗೆ ಕಳಿಸಿದ ಮೆಸೇಜ್ ಎಲ್ಲವನ್ನೂ ತಾರೀಖಿನ ಸಮೇತ ಎತ್ತಿಟ್ಟುಕೊಳ್ಳಿ. ಬಾಯಲ್ಲೇ ಹೇಳಿದ್ದರೆ, ಯಾವತ್ತು ಏನು ಹೇಳಿದಿರಿ ಅನ್ನುವುದನ್ನು ಇವತ್ತೇ ಬರೆದಿಡಿ.

ಇನ್ನು ‘ಬರೀ ಮಾತು’ ಅನ್ನುವ ಭಯ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕಿರುಕುಳ ಒಂದೋ ತೀವ್ರವಾಗಿರಬೇಕು, ಇಲ್ಲವೇ ಪದೇ ಪದೇ ನಡೆದಿರಬೇಕು. ನ್ಯೂಯಾರ್ಕ್ ನಗರದ ಕಾನೂನು ಅಷ್ಟು ಕೇಳುವುದಿಲ್ಲ. 2005ರಲ್ಲಿ ನಗರ ತನ್ನ ಕಾನೂನನ್ನು ಉದಾರವಾಗಿ ಓದಬೇಕೆಂದು ತಿದ್ದುಪಡಿ ತಂದಿತು. 2009ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಒಂದು ತೀರ್ಪಿನಲ್ಲಿ ಪ್ರಶ್ನೆಯನ್ನು ಸರಳ ಮಾಡಿತು: ಈ ವ್ಯಕ್ತಿಯನ್ನು ಅವರ ಹುಟ್ಟು, ಬಣ್ಣ, ಲಿಂಗದಂಥ ಕಾರಣಕ್ಕೆ ಉಳಿದವರಿಗಿಂತ ಕೀಳಾಗಿ ಕಂಡರೇ? ತೀರಾ ಚಿಲ್ಲರೆ ಕಿರಿಕಿರಿ ಮಾತ್ರ ಇದರಿಂದ ಹೊರಗೆ. ‘ದೇಶಕ್ಕೆ ವಾಪಸ್ ಹೋಗು’ ಅನ್ನುವುದು ಚಿಲ್ಲರೆ ಮಾತಲ್ಲ, ಅಲ್ವಾ? ಮೂಲ ದೇಶದ ಕಾರಣಕ್ಕೆ ಹೀಗಳೆಯುವುದರ ಬಗ್ಗೆ ಆಯೋಗ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಆದರೂ ‘ಯಾವಾಗಲೂ ಬೈತಾರೆ’ ಅಂತ ಸುಮ್ನೆ ಬರೆದರೆ ತನಿಖೆ ಮಾಡುವವರಿಗೆ ಹಿಡಿಯೇ ಸಿಗುವುದಿಲ್ಲ. ಯಾವ ದಿನ, ಯಾವ ಮಾತು, ಯಾರು ಕೇಳಿಸಿಕೊಂಡರು, ಇಷ್ಟು ಬೇಕು. ಬೇರೆ ಯಾರಿಗಾದರೂ ಅವರು ಹಾಗೆ ಅಂದಿದ್ದಾರಾ ಅನ್ನುವುದೂ ಮುಖ್ಯ. ಎಲ್ಲರಿಗೂ ಒಂದೇ ಥರ ಬೈಯುವ ಮ್ಯಾನೇಜರ್ ಕೆಟ್ಟವರಿರಬಹುದು, ತಾರತಮ್ಯ ಮಾಡಿದಂತಾಗುವುದಿಲ್ಲ.

ಮಾಲೀಕರು ‘ನನಗೇನೂ ಗೊತ್ತಿಲ್ಲ, ಅದು ಮ್ಯಾನೇಜರ್ ಮಾಡಿದ್ದು’ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮೇಲ್ವಿಚಾರಣೆ ಮಾಡುವವರ ನಡತೆಗೆ ಮಾಲೀಕರೂ ಹೊಣೆ. ಕೆಲಸದ ಜಾಗದ ದೂರಿಗೆ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಜನ ಕೆಲಸಗಾರರಿರಬೇಕು. ನೀವು ಆರು ಜನ ಇರುವುದರಿಂದ ಆ ತೊಡಕಿಲ್ಲ. ಲೈಂಗಿಕ ಕಿರುಕುಳಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ, ಒಬ್ಬರೇ ಇದ್ದರೂ ದೂರು ಕೊಡಬಹುದು.

ದೂರು ದಾಖಲಾದ ಮೇಲೆ ಅದರ ಪ್ರತಿ ಮಾಲೀಕರಿಗೆ ಹೋಗುತ್ತದೆ. ಅವರು ಉತ್ತರ ಕೊಡಬೇಕು. ಆಮೇಲೆ ಆಯೋಗದ ಕಾನೂನು ಜಾರಿ ವಿಭಾಗ ದಾಖಲೆ ತರಿಸುತ್ತದೆ, ಸಾಕ್ಷಿಗಳನ್ನು ಮಾತಾಡಿಸುತ್ತದೆ. ಇದು ನಿಧಾನದ ಕೆಲಸ, ತಾಳ್ಮೆ ಬೇಕು. ನಡುವೆ ಇಬ್ಬರೂ ಒಪ್ಪಿದರೆ ರಾಜಿಯೂ ಆಗಬಹುದು. ಇಲ್ಲದಿದ್ದರೆ, ತಾರತಮ್ಯ ನಡೆದಿರುವ ಸಂಭವವೇ ಹೆಚ್ಚು ಅನ್ನಲು ಆಧಾರ ಇದೆಯೋ ಇಲ್ಲವೋ ಅಂತ ಈ ವಿಭಾಗ ಹೇಳುತ್ತದೆ. ಬಹಳ ಜನ ಇದನ್ನೇ ಗೆಲುವು ಅಂದುಕೊಳ್ಳುತ್ತಾರೆ. ಅಲ್ಲ, ಇಷ್ಟಾದರೆ ಕೇಸು ವಿಚಾರಣೆಗೆ ಹೋಗುತ್ತದೆ, ಅಷ್ಟೇ. ‘ಆಧಾರವಿಲ್ಲ’ ಅಂದರೆ 30 ದಿನದೊಳಗೆ ಆಯೋಗದ ಮುಖ್ಯಸ್ಥರಿಗೆ ಮರುಪರಿಶೀಲನೆಗೆ ಬರೆಯಬಹುದು.

ವಿಚಾರಣೆ ನಡೆಸುವುದು ಆಯೋಗವಲ್ಲ. ಅದಕ್ಕೆ ನಗರದ್ದೇ ಬೇರೆ ಕಚೇರಿ ಇದೆ, ಅಲ್ಲಿ ಆಡಳಿತಾತ್ಮಕ ನ್ಯಾಯಾಧೀಶರು ಸಾಕ್ಷ್ಯ ಕೇಳುತ್ತಾರೆ. ಅವರು ಕೊಡುವುದು ಶಿಫಾರಸು ಮಾತ್ರ. ಕೊನೆಯ ಆದೇಶ ಮತ್ತೆ ಆಯೋಗದ್ದು. ಅದು ಶಿಫಾರಸನ್ನು ಪೂರ್ತಿ ಒಪ್ಪಬಹುದು, ಪರಿಹಾರದ ಮೊತ್ತ ಬದಲಿಸಬಹುದು, ಒಪ್ಪದೆಯೂ ಇರಬಹುದು. ಆ ಆದೇಶ ಸರಿ ಕಾಣದವರು 30 ದಿನದೊಳಗೆ ರಾಜ್ಯದ ಕೋರ್ಟಿಗೆ ಹೋಗಬೇಕು.

ದೂರು ಕೊಡಲು ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ಒಂದು ಮಾತು ನೆನಪಿರಲಿ: ಕೇಸು ನಡೆಸುವ ಆಯೋಗದ ವಕೀಲರು ನಗರದ ಪರ, ನಿಮ್ಮ ಸ್ವಂತ ವಕೀಲರಲ್ಲ. ನಿಮ್ಮ ಹಿತ ಅವರ ಹಿತ ಎರಡೂ ಬಹುತೇಕ ಒಂದೇ ದಾರಿಯಲ್ಲಿರುತ್ತವೆ, ಯಾವಾಗಲೂ ಅಲ್ಲ. ರಾಜಿಗೆ ಸಹಿ ಹಾಕುವ ಮುಂಚೆ ಉಚಿತ ಕಾನೂನು ನೆರವಿನವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಗೆದ್ದರೆ ಕಳೆದುಕೊಂಡ ಸಂಬಳ, ಮನಸ್ಸಿಗಾದ ನೋವಿಗೆ ಪರಿಹಾರ ಸಿಗಬಹುದು. ಮಾಲೀಕರಿಗೆ ತರಬೇತಿ ಪಡೆಯಿರಿ ಅಂತಲೂ ಆದೇಶ ಬರಬಹುದು. ಬೇಕೆಂದೇ ಮಾಡಿದ ತಪ್ಪಿಗೆ ದಂಡ 2,50,000 ಡಾಲರ್‌ವರೆಗೂ ಇದೆ. ಆದರೆ ದಂಡದ ದುಡ್ಡು ನಗರದ ಖಜಾನೆಗೆ, ನಿಮಗಲ್ಲ.

ಗಡುವು ನೋಡಿಕೊಳ್ಳಿ. ಘಟನೆ ನಡೆದ ಒಂದು ವರ್ಷದೊಳಗೆ ಆಯೋಗಕ್ಕೆ ದೂರು ಕೊಡಬೇಕು. ಲಿಂಗದ ಕಾರಣದ ಕಿರುಕುಳಕ್ಕೆ ಮಾತ್ರ ಮೂರು ವರ್ಷ. ನೇರ ಕೋರ್ಟಿಗೆ ಹೋಗುವುದಾದರೂ ಮೂರು ವರ್ಷ ಸಿಗುತ್ತದೆ. ಒಂದೇ ವಿಷಯವನ್ನು ಕೋರ್ಟಿನಲ್ಲೂ ಆಯೋಗದಲ್ಲೂ ಒಟ್ಟಿಗೆ ನಡೆಸಲು ಬಿಡುವುದಿಲ್ಲ. ಹಾಗಾಗಿ ಯಾವ ದಾರಿ ಅನ್ನುವುದನ್ನು ದೂರಿಗೆ ಸಹಿ ಹಾಕುವ ಮೊದಲೇ ತೀರ್ಮಾನಿಸಿ.