ಹೆರಿಗೆ ಹೊತ್ತಿನ ಆಂಟಿಬಯೋಟಿಕ್ ಬೇಡ ಅಂತ ಬರೆದುಕೊಡಲಾ?

ಬರೆದುಕೊಡಬೇಡಿ. ಇಷ್ಟು ಮೊದಲು ಹೇಳಿಬಿಡುತ್ತೇನೆ.

ಮೂವತ್ತಾರು ವಾರ ತುಂಬಿದೆ, ಸಿಸೇರಿಯನ್ ಅಂತ ಗೊತ್ತಾಗಿದೆ, ಕೊಯ್ಯುವ ಮುಂಚೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡ್ತೀವಿ ಅಂದಿದ್ದಾರೆ, ಅದರಿಂದ ಮಗುವಿನ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಹೋಗುತ್ತಾ, ಬೇಡ ಅನ್ನಬಹುದಾ, ಆಗಲ್ಲ ಅಂದರೆ ಆಮೇಲೆ ಯಾವ ಪ್ರೋಬಯೋಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರುವ) ಡ್ರಾಪ್ಸ್ ಕೊಡಲಿ. ಇದೇ ಅಲ್ವಾ ನಿಮ್ಮ ಪ್ರಶ್ನೆ? ನನ್ನ ಮಗನಿಗೆ ಈಗ ಆರು ವರ್ಷ. ಅವನ ಬಾಣಂತನದಲ್ಲಿ ನಾನೂ ನಡುರಾತ್ರಿ ಮೊಬೈಲ್ ಹಿಡಿದುಕೊಂಡು ಇದನ್ನೇ ಹುಡುಕುತ್ತಿದ್ದೆ. ಉತ್ತರ ಸಿಕ್ಕಿತು ಅಂದುಕೊಂಡೆ. ಅಲ್ಲೇ ಕೆಟ್ಟಿದ್ದು.

ನನಗೆ ನೋವು ಬರುವ ಮುಂಚೆಯೇ ನೀರು ಹೋಯಿತು. ತಿಪಟೂರಿನ ತವರುಮನೆಯಿಂದ ತುಮಕೂರಿಗೆ ಕಾರಲ್ಲಿ ಟವೆಲ್ ಹಾಸಿಕೊಂಡು ಹೋದೆ. ನೀರು ಹೋಗಿ ಜಾಸ್ತಿ ಹೊತ್ತಾದರೆ ಸೋಂಕು ಒಳಗೆ ಏರುತ್ತೆ, ಅದಕ್ಕೇ ಹೋದ ತಕ್ಷಣ ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಶುರು ಮಾಡಿದರು. ಮಾರನೇ ದಿನ ಸಿಸೇರಿಯನ್ ಆಯಿತು. ಹುಟ್ಟಿದ ಮಗು ಜೋರಾಗಿ ಉಸಿರೆಳೆಯುತ್ತಿದೆ ಅಂತ ಎನ್‌ಐಸಿಯುಗೆ, ಅಂದರೆ ನವಜಾತ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಒಯ್ದರು. ರಕ್ತದಲ್ಲಿ ಸಿಆರ್‌ಪಿ (ಸೋಂಕು, ಉರಿಯೂತ ಇದ್ದರೆ ಏರುವ ಅಂಶ) ಏರಿದೆ, ಸೋಂಕಿರಬಹುದು ಅಂತ ಆಂಪಿಸಿಲಿನ್, ಜೆಂಟಾಮೈಸಿನ್ ಅಂತ ಎರಡು ಆಂಟಿಬಯೋಟಿಕ್ ಹಾಕಿದರು. ಗಾಜಿನಾಚೆಯಿಂದ ನೋಡಿದರೆ ಪುಟ್ಟ ಕೈಯನ್ನು ರಟ್ಟಿನ ತುಂಡಿಗೆ ಪ್ಲಾಸ್ಟರ್ ಸುತ್ತಿ ಕಟ್ಟಿದ್ದರು, ಸೂಜಿ ಅಲುಗಬಾರದು ಅಂತ. ಹಾಲು? ‘ಅಮ್ಮನಿಗೆ ಇನ್ನೂ ಬಂದಿಲ್ಲ’ ಅಂತ ಡಬ್ಬಿ ಹಾಲನ್ನೇ ಒಳಲೆಯಲ್ಲಿ ಕುಡಿಸಿದರು. ಹಿಂಡಿ ಕೊಡಿ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಮಗುವಿಗೆ ಹಸಿರು ಬಣ್ಣದ, ನೀರು ನೀರಾದ ಕಕ್ಕ. ಕೆಂಡದ ಹಾಗೆ ಕೆಂಪಾದ ಕುಂಡೆ, ಅಂಚಿನಲ್ಲೆಲ್ಲ ಸಣ್ಣ ಸಣ್ಣ ಗುಳ್ಳೆ. ಅದು ಫಂಗಸ್ಸು ಅಂತ ಡಾಕ್ಟರು ಮುಲಾಮು ಕೊಟ್ಟರು. ಆಂಟಿಬಯೋಟಿಕ್ ಆದ ಮೇಲೆ ಇದು ಬರುತ್ತೆ, ಹೋಗುತ್ತೆ ಅಂದರು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನಾನು ಓದಲು ಕೂತೆ.

ಓದಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಎಡವಟ್ಟಾಗಿದ್ದು. ಬ್ರಿಟನ್ನಿನಲ್ಲಿ 596 ಮಕ್ಕಳ ಕಕ್ಕ ಪರೀಕ್ಷೆ ಮಾಡಿ 2019ರಲ್ಲಿ ಒಂದು ದೊಡ್ಡ ಅಧ್ಯಯನ ಬಂದಿತ್ತು. ಸಿಸೇರಿಯನ್ ಮಕ್ಕಳಲ್ಲಿ ಅಮ್ಮನಿಂದ ಬರಬೇಕಾದ ಬ್ಯಾಕ್ಟೀರಾಯ್ಡಿಸ್ ಥರದ ಬ್ಯಾಕ್ಟೀರಿಯಾ ಕಡಿಮೆ, ಆಸ್ಪತ್ರೆಯಲ್ಲಿ ಓಡಾಡಿಕೊಂಡಿರುವ ಕ್ಲೆಬ್ಸಿಯೆಲ್ಲಾ, ಎಂಟೆರೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಜಾಸ್ತಿ ಅಂತ ಗೊತ್ತಾಯಿತು. ನಾನು ಇಷ್ಟು ಓದಿ ಅಳಲು ಶುರು ಮಾಡಿದೆ. ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಈ ವ್ಯತ್ಯಾಸ ಬಹುಪಾಲು ಕಡಿಮೆಯಾಗುತ್ತೆ ಅಂತಲೂ ಅದರಲ್ಲೇ ಇತ್ತು. ಅಲ್ಲಿಯವರೆಗೆ ಓದುವ ತಾಳ್ಮೆ ಯಾರಿಗಿತ್ತು?

ಈಗ ನಾನು ಮಾಡಿದ ಕೆಲಸ ಕೇಳಿ. ಸ್ವಲ್ಪ ಉದ್ದ ಆಗುತ್ತೆ, ಆದರೆ ನೀವು ಹೋಗುತ್ತಿರುವುದೂ ಇದೇ ದಾರಿಯಲ್ಲಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

‘ಪ್ರೋಬಯೋಟಿಕ್ ಸೇರಿಸಿದ್ದು’ ಅಂತ ಡಬ್ಬಿಯ ಮೇಲೆ ಬರೆದಿದ್ದ ದುಬಾರಿ ಪೌಡರ್ ಹಾಲು ತರಿಸಿದೆ. ಎದೆಹಾಲಲ್ಲಿ ಇಲ್ಲದ್ದೇನೋ ಇದರಲ್ಲಿದೆ, ಸತ್ತ ಬ್ಯಾಕ್ಟೀರಿಯಾವನ್ನು ಇದು ತುಂಬಿಕೊಡುತ್ತೆ ಅನ್ನುವ ಲೆಕ್ಕ. ಮೊದಲು ರಾತ್ರಿ ಒಂದು ಬಾಟಲಿ. ಹೊಲಿಗೆ ನೋವಿತ್ತು, ನಿದ್ದೆಯೂ ಸಿಕ್ಕಿತು, ಅಮ್ಮನೇ ಕುಡಿಸುತ್ತಿದ್ದರು. ಬೆಳಗ್ಗೆ ಎದ್ದರೆ ಎದೆ ಕಲ್ಲಾಗಿರುತ್ತಿತ್ತು. ಹಿಂಡಿ ತೆಗೆಯದೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಸುಮ್ಮನಾದೆ. ಆಮೇಲೆ ಎದೆ ಕಟ್ಟುವುದು ನಿಂತಿತು. ಒಳ್ಳೆಯದಾಯಿತು ಅಂದುಕೊಂಡೆ! ಹಾಲು ಕಡಿಮೆಯಾಗುವ ಲಕ್ಷಣವೇ ಅದು ಅಂತ ಹೊಳೆಯಲಿಲ್ಲ. ಬಾಟಲಿಯಲ್ಲಿ ಸಲೀಸಾಗಿ ಬರುವುದನ್ನು ಕಲಿತ ಮಗು ಎದೆಗೆ ಹಾಕಿಕೊಂಡರೆ ಎರಡು ಗುಟುಕು ಎಳೆದು ಬೆನ್ನು ಬಿಲ್ಲು ಮಾಡಿ ಅಳುತ್ತಿತ್ತು. ‘ನಿನಗೆ ಹಾಲು ಸಾಲುತ್ತಿಲ್ಲ ಕಣೆ’ ಅಂದರು ಎಲ್ಲರೂ. ಸಂಜೆಯೂ ಒಂದು ಬಾಟಲಿ ಸೇರಿತು. ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂತ ತಟ್ಟೆ ತುಂಬ ಬಡಿಸಿದರು. ಎದುರುಮನೆ ಅಜ್ಜಿ ಒಬ್ಬರೇ ಸರಿಯಾಗಿ ಹೇಳಿದ್ದು: ‘ಬಾವಿ ಕಣಮ್ಮ ಅದು, ಸೇದಿದಷ್ಟೂ ಊರುತ್ತೆ, ಸೇದೋದು ಬಿಟ್ರೆ ಬತ್ತುತ್ತೆ.’ ಹಳೇ ಕಾಲದವರು ಅಂತ ನಕ್ಕೆ. ಡಾಕ್ಟರುಗಳು ಹೇಳುವುದೂ ಅದನ್ನೇ. ಎದೆಯಲ್ಲಿ ಹಾಲು ತುಂಬಿಕೊಂಡೇ ಇದ್ದರೆ ಇನ್ನು ಬೇಡ ಅಂತ ದೇಹ ಉತ್ಪತ್ತಿ ನಿಲ್ಲಿಸುತ್ತೆ. ನಾಲ್ಕನೇ ತಿಂಗಳಿಗೆ ನನ್ನ ಹಾಲು ಪೂರ್ತಿ ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬೇಸಿಗೆಯಲ್ಲಿ ವಾಂತಿ ಭೇದಿ ಶುರುವಾಯಿತು. ಬಾಟಲಿ ಎಷ್ಟು ಕುದಿಸಿದರೂ ನಿಪ್ಪಲ್ಲಿನ ಒಳಮಡಿಕೆಯಲ್ಲಿ ಹಾಲಿನ ಜಿಡ್ಡು ಉಳಿದಿರುತ್ತಿತ್ತು, ಬೆರಳಿಟ್ಟು ಉಜ್ಜಿದರೆ ತಿಳಿಯುತ್ತಿತ್ತು. ಭೇದಿಗೆ ಇನ್ನೊಂದು ಕಡೆ ತೋರಿಸಿದರೆ ಮತ್ತೆ ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟರು. ಯಾವುದರ ಭಯಕ್ಕೆ ಇಷ್ಟೆಲ್ಲ ಮಾಡಿದ್ದೆನೋ ಅದನ್ನೇ ಚಮಚದಲ್ಲಿ ಅಳೆದು ಬಾಯಿಗೆ ಹಾಕಿದೆ.

ಎದೆಹಾಲಿನ ಬಗ್ಗೆ ನನಗೆ ಆಗ ಗೊತ್ತಿರದ ಸಂಗತಿ ಒಂದಿದೆ. ಅದರಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವುದು ಒಂದು ಬಗೆಯ ಸಕ್ಕರೆಗಳು. ಅವನ್ನು ಜೀರ್ಣಿಸಲು ಮಗುವಿಗೆ ಬರುವುದೇ ಇಲ್ಲ! ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅವನ್ನು ತಿನ್ನುವುದು ಅಲ್ಲಿರುವ ಬೈಫಿಡೋಬ್ಯಾಕ್ಟೀರಿಯಾ ಅನ್ನುವ ಒಳ್ಳೆ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಹೊಡೆತಕ್ಕೆ ಕಡಿಮೆಯಾಗುವುದೂ ಮುಖ್ಯವಾಗಿ ಅವೇ. ಅಂದರೆ ಅಳಿದುಳಿದ ಬ್ಯಾಕ್ಟೀರಿಯಾದ ಊಟವನ್ನು ನಾನು ಕೈಯಾರೆ ನಿಲ್ಲಿಸಿ, ಅಂಗಡಿಯಿಂದ ಬೇರೆ ಬ್ಯಾಕ್ಟೀರಿಯಾ ತಂದು ಸುರಿಯುತ್ತಿದ್ದೆ.

ಈಗ ನಿಮ್ಮ ಇಂಜೆಕ್ಷನ್ ವಿಷಯ. ಕೊಯ್ಯುವ ಮುಂಚೆ ಕೊಡುವುದು ಸಾಮಾನ್ಯವಾಗಿ ಒಂದೇ ಡೋಸ್. ಅದು ನಿಮ್ಮ ಗರ್ಭಕೋಶಕ್ಕೆ, ಹೊಲಿಗೆಗೆ ಸೋಂಕು ಬರುವುದನ್ನು ಅರ್ಧಕ್ಕಿಂತ ಜಾಸ್ತಿ ತಗ್ಗಿಸುತ್ತೆ. ಮೊದಲೆಲ್ಲ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕೊಡುತ್ತಿದ್ದರು, ಮಗುವಿಗೆ ಹೋಗದಿರಲಿ ಅಂತ. ಮುಂಚೆ ಕೊಟ್ಟರೆ ತಾಯಿಗೆ ಸೋಂಕು ಇನ್ನೂ ಕಡಿಮೆ ಅಂತ ಆಮೇಲೆ ಬದಲಾಯಿಸಿದರು. ಮುಂಚೆಯೋ ಆಮೇಲೋ ಅಂತ ಹೋಲಿಸಿ ಮಗುವಿನ ಕರುಳನ್ನೇ ನೋಡಿದ ಒಂದು ಸಣ್ಣ ಅಧ್ಯಯನ 2024ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದಿದೆ. ಇಂಜೆಕ್ಷನ್ ಸಮಯದಿಂದ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ, ಮಗು ಯಾವ ಹಾಲು ಕುಡಿಯಿತು ಅನ್ನುವುದರದ್ದೇ ಜಾಸ್ತಿ ಪ್ರಭಾವ. ನೀವು ಬೇಡ ಅಂತ ಬರೆದುಕೊಟ್ಟು ಹೊಲಿಗೆ ಕೀವಾದರೆ ವಾರಗಟ್ಟಲೆ ಆಂಟಿಬಯೋಟಿಕ್ ತಿನ್ನುತ್ತಾ, ಜ್ವರದಲ್ಲಿ ಮಗುವಿಗೆ ಹಾಲೂ ಕೊಡಲಾಗದೆ ಮಲಗಿರುತ್ತೀರಿ. ಅದು ಬೇಕಾ?

ನಾರ್ಮಲ್ ಹೆರಿಗೆಯಲ್ಲೂ ಕೊಡಬೇಕಾಗುವುದುಂಟು, ಸುಮ್ನೆ ಕೊಡುವುದಲ್ಲ. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಹುಟ್ಟಿದ ವಾರದಲ್ಲೇ ಮಗುವನ್ನು ಕೊಲ್ಲಬಲ್ಲದು. ಅಮೆರಿಕದಲ್ಲಿ ಹೆರಿಗೆ ಹೊತ್ತಲ್ಲಿ ಪೆನಿಸಿಲಿನ್ ಕೊಡಲು ಶುರು ಮಾಡಿದ ಮೇಲೆ ಆ ಕಾಯಿಲೆ 1990ರಲ್ಲಿ ಹುಟ್ಟಿದ ಸಾವಿರ ಮಕ್ಕಳಿಗೆ 1.8 ಇದ್ದದ್ದು 2015ಕ್ಕೆ 0.23ಕ್ಕೆ ಇಳಿಯಿತು.

ನನ್ನ ಪ್ರಕಾರ ನೀವು ಕೇಳಬೇಕಾದ್ದು ಹುಟ್ಟಿದ ಮೇಲೆ ಮಗುವಿಗೇ ನೇರವಾಗಿ ಹಾಕುವ ಆಂಟಿಬಯೋಟಿಕ್ ಬಗ್ಗೆ. ಅದರ ಹೊಡೆತ ದೊಡ್ಡದು. 2022ರಲ್ಲಿ ನೆದರ್ಲೆಂಡ್ಸ್‌ನವರೇ, ಸೋಂಕಿನ ಅನುಮಾನಕ್ಕೆ ಆಂಟಿಬಯೋಟಿಕ್ ಪಡೆದ 147 ನವಜಾತ ಮಕ್ಕಳನ್ನು ನೋಡಿದರು. ಒಂದು ವರ್ಷವಾದರೂ ಕರುಳಲ್ಲಿ ವ್ಯತ್ಯಾಸ ಇತ್ತು. ಪೆನಿಸಿಲಿನ್ ಜೊತೆ ಜೆಂಟಾಮೈಸಿನ್ ಕೊಟ್ಟವರಲ್ಲಿ ಕಡಿಮೆ, ಅಮಾಕ್ಸಿಸಿಲಿನ್ ಜೊತೆ ಸೆಫೋಟಾಕ್ಸಿಮ್ ಕೊಟ್ಟವರಲ್ಲಿ ಜಾಸ್ತಿ. ಹಾಗಂತ ಎನ್‌ಐಸಿಯು ಬಾಗಿಲಲ್ಲಿ ನಿಂತು ಜಗಳ ಆಡಬೇಡಿ. ನವಜಾತ ಮಗುವಿಗೆ ನಂಜೇರಿದರೆ ಗಂಟೆಗಳ ಲೆಕ್ಕ, ಶುರು ಮಾಡುವುದನ್ನು ತಡೆಯಲೇಬಾರದು. ಆದರೆ ‘ಬ್ಲಡ್ ಕಲ್ಚರ್ ಕಳಿಸಿದ್ದೀರಾ? ರಿಪೋರ್ಟ್ ಯಾವಾಗ?’ ಅಂತ ಮೊದಲ ದಿನವೇ ಕೇಳಿ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ ಅದು. ನಿಜವಾದ ಸೋಂಕಿದ್ದರೆ ಸಾಮಾನ್ಯವಾಗಿ ಎರಡು ದಿನದೊಳಗೆ ಕಲ್ಚರಿನಲ್ಲಿ ಬೆಳೆದು ಕಾಣುತ್ತೆ. ಏನೂ ಬೆಳೆದಿಲ್ಲ, ಮಗುವೂ ಚೆನ್ನಾಗಿದೆ ಅಂದರೆ ‘ಇಂಜೆಕ್ಷನ್ ನಿಲ್ಲಿಸಬಹುದಾ ಡಾಕ್ಟರ್?’ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ಮಗನ ಕಲ್ಚರಿನಲ್ಲಿ ಏನೂ ಬೆಳೆದಿರಲಿಲ್ಲ ಅನ್ನುವುದನ್ನು ನಾನು ಓದಿದ್ದು ಡಿಸ್ಚಾರ್ಜ್ ಚೀಟಿಯಲ್ಲಿ.

ಡ್ರಾಪ್ಸ್ ಯಾವುದು ಅಂತ ಕೇಳಿದ್ದೀರಲ್ಲ, ಯಾವುದೂ ಬೇಡ, ನಿಮ್ಮ ಮಕ್ಕಳ ಡಾಕ್ಟರು ಕಾರಣ ಹೇಳಿ ಬರೆದುಕೊಟ್ಟರೆ ಮಾತ್ರ ಕೊಡಿ. ನವಜಾತ ಮಕ್ಕಳಿಗೆ ಪ್ರೋಬಯೋಟಿಕ್ ಕೊಟ್ಟು ನೋಡಿದ ಒಡಿಶಾ ಅಧ್ಯಯನ ಇದೆಯಲ್ಲ ಅಂತ ಯಾರಾದರೂ ಬರುತ್ತಾರೆ. ಇದೆ, ಒಳ್ಳೆಯ ಅಧ್ಯಯನವೇ. ಹಳ್ಳಿಗಳ 4,556 ಮಕ್ಕಳು, 2017ರಲ್ಲಿ ಪ್ರಕಟವಾಯಿತು, ನಂಜು ಮತ್ತು ಸಾವು ಎರಡೂ ಸೇರಿ ಶೇ 9ರಿಂದ 5.4ಕ್ಕೆ ಇಳಿಯಿತು. ಆದರೆ ಅಲ್ಲಿ ಕೊಟ್ಟಿದ್ದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂನ ಒಂದು ನಿರ್ದಿಷ್ಟ ತಳಿ, ಅದರ ಜೊತೆ ಅದಕ್ಕೆ ಬೇಕಾದ ಸಕ್ಕರೆ, ಎದೆಹಾಲು ಕುಡಿಯುತ್ತಿದ್ದ ಮಕ್ಕಳಿಗೆ. ಮೆಡಿಕಲ್ ಶಾಪಿನವರು ಕೈಗೆ ಸಿಕ್ಕಿದ ಬಾಟಲಿ ಕೊಟ್ಟರೆ ಅದೇ ಆಗುತ್ತಾ? ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಪ್ರೋಬಯೋಟಿಕ್ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ. ಜೇನು ನೆಕ್ಕಿಸಿ ಅನ್ನುವವರೂ ಬರುತ್ತಾರೆ. ವರ್ಷ ತುಂಬುವವರೆಗೆ ಜೇನು ಮುಟ್ಟಿಸಬೇಡಿ, ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು.

ಎರಡನೆಯವಳೂ ಸಿಸೇರಿಯನ್. ಇಂಜೆಕ್ಷನ್ ಬೇಕಾ ಬೇಡವಾ ಅಂತ ಕೇಳಲೂ ಇಲ್ಲ, ಹಾಕಿಸಿಕೊಂಡೆ. ರಿಕವರಿ ರೂಮಿನಲ್ಲೇ ಸಿಸ್ಟರ್ ಹತ್ತಿರ ಹಟ ಮಾಡಿ ಮಗುವನ್ನು ಎದೆ ಮೇಲೆ ಮಲಗಿಸಿಕೊಂಡೆ. ಇವಳಿಗೆ ಭೇದಿ ಕಮ್ಮಿ, ಆದರೆ ನೆಗಡಿ ಅಣ್ಣನಿಗಿಂತ ಜಾಸ್ತಿ. ಅದಕ್ಕೇ ಮಗನ ಪ್ರತಿ ಕೆಮ್ಮನ್ನೂ ಆ ಆಂಟಿಬಯೋಟಿಕ್ ತಲೆಗೆ ಕಟ್ಟುವುದನ್ನು ಬಿಟ್ಟಿದ್ದೇನೆ.

ನಿಮಗೆ ಇನ್ನೂ ಕೆಲವು ವಾರ ಇದೆ ಅಲ್ವಾ, ಈಗಲೇ ಆಸ್ಪತ್ರೆಯಲ್ಲಿ ಎರಡು ವಿಷಯ ಕೇಳಿಕೊಂಡು ಬನ್ನಿ. ಸಿಸೇರಿಯನ್ ಆದ ಗಂಟೆಯೊಳಗೆ ಮಗುವನ್ನು ಎದೆಗೆ ಕೊಡುತ್ತಾರಾ, ಮತ್ತು ಮಗು ಎನ್‌ಐಸಿಯುನಲ್ಲಿದ್ದರೆ ಹಿಂಡಿದ ಹಾಲನ್ನು ಒಳಗೆ ತೆಗೆದುಕೊಳ್ಳುತ್ತಾರಾ. ಮಗು ಎನ್‌ಐಸಿಯುಗೆ ಹೋಗಿ, ಹಾಲು ತೆಗೆದುಕೊಳ್ಳುತ್ತೇವೆ ಅಂದರೆ ಹೆರಿಗೆಯಾದ ದಿನವೇ ಹಿಂಡಲು ಶುರು ಮಾಡಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಮೊದಲು ಚಮಚದ ತಳ ಒದ್ದೆಯಾಗುವಷ್ಟೇ ಹಳದಿ ಹಾಲು ಬರುತ್ತೆ, ಅದನ್ನೂ ಕಳಿಸಿ. ಬ್ಯಾಗಿನಲ್ಲಿ ಒಂದು ಸ್ಟೀಲ್ ಒಳಲೆ ಇಟ್ಟುಕೊಳ್ಳಿ, ಬಾಟಲಿ ಮನೆಯಲ್ಲೇ ಇರಲಿ.